ಹರಿದ ರೆಕ್ಕೆಯವಳ ಹನ್ನೆರಡು ಫೋಟೋ

ನನ್ನ ಸ್ಟುಡಿಯೋದಲ್ಲಿ ನಗುವುದಕ್ಕೆ ಅವಕಾಶವಿಲ್ಲ. ಪಾಸ್‌ಪೋರ್ಟ್ ಫೋಟೋಗೆ ಎರಡು ಕಿವಿ ಕಾಣಬೇಕು, ಒಂದು ಹಲ್ಲೂ ಕಾಣಬಾರದು. ಕೆನ್ನೆಯ ಮೇಲೆ ಮಚ್ಚೆಯಿದ್ದರೆ ಅದು ಇದ್ದಲ್ಲೇ ಇರಬೇಕು, ಗುರುತಿನ ಚಿಹ್ನೆ ಅಳಿಸುವಂತಿಲ್ಲ. ಹದಿನಾಲ್ಕು ವರ್ಷ ಈ ನಿಯಮಗಳನ್ನು ನಿಯತ್ತಾಗಿ ಪಾಲಿಸಿದ ನನ್ನ ಕೈಲಿ ಒಂದು ಸೋಪಿನ ಕಾರ್ಖಾನೆ ಹನ್ನೆರಡು ಸುಳ್ಳು ಫೋಟೋ ಮಾಡಿಸಿತು. ಅದನ್ನೂ ಅಷ್ಟೇ ನಿಯತ್ತಾಗಿ ಮಾಡಿಕೊಟ್ಟೆ. ನನ್ನನ್ನು ಬೈಯುವುದಕ್ಕೆ ಕಾರ್ಖಾನೆಯವರು ಇವತ್ತಿಗೂ ಕಾರಣ ಹುಡುಕುತ್ತಿದ್ದಾರೆ, ಸಿಕ್ಕಿಲ್ಲ.

ಶುರು ಮಾಡಿದವಳು ದೊಡ್ಡಮ್ಮ, ನನ್ನ ತಾಯಿಯ ಅಕ್ಕ. ಹತ್ತೊಂಬತ್ತು ವರ್ಷದಿಂದ ಆ ಕಾರ್ಖಾನೆಯ ತೋಟದ ಕೆಲಸ ಅವಳದು. ಒಂದು ಮಧ್ಯಾಹ್ನ ಬಂದವಳೇ ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು, ಮಣ್ಣಿನ ಕೈಯನ್ನು ಬಿಳಿ ಪರದೆಗೆ ತಾಗದಂತೆ ಮಡಿಲಲ್ಲಿಟ್ಟುಕೊಂಡು ಕೇಳಿದಳು.

“ಜೇನುಹುಳದ ಫೋಟೋ ತೆಗೀತೀಯೇನೇ?”

“ಅದಕ್ಕೆ ಕಿವಿ ಕಾಣುತ್ತಾ ದೊಡ್ಡಮ್ಮ?”

“ಕೊಂಡಿ ಕಾಣುತ್ತೆ, ಬೇಕಾದ್ರೆ ತೋರಿಸ್ತೀನಿ. ತಮಾಷೆ ಬಿಟ್ಟು ಕೇಳು.”

ಕೇಳಿದೆ. ಆ ಕಾರ್ಖಾನೆಯ ಸೋಪಿನ ಕಾಗದದ ಮೇಲೆ ಜೇನುತೊಟ್ಟಿಯ ಚಿತ್ರವಿದೆ, ಒಳಗೆ ಜೇನು ಒಂದು ಹನಿಯೂ ಇಲ್ಲ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ. ಜನ ಇದನ್ನು ಆಡಿಕೊಳ್ಳಲು ಶುರುಮಾಡಿದ ಮೇಲೆ ಮ್ಯಾನೇಜರ್‌ಗೆ ಒಂದು ಉಪಾಯ ಹೊಳೆದಿತ್ತು. ‘ಜೇನುಸ್ನೇಹಿ ಕಾರ್ಖಾನೆ’ ಎಂಬ ಪ್ರಮಾಣಪತ್ರ ತಂದು ಕಾಗದದ ಮೇಲೆ ಅಚ್ಚು ಹಾಕಿಸಿದರೆ ಯಾರೂ ತುಟಿ ಬಿಚ್ಚುವುದಿಲ್ಲ. ಅದಕ್ಕಾಗಿ ಪರೀಕ್ಷಕರು ಮುಂದಿನ ಗುರುವಾರ ಬರುವವರಿದ್ದರು. ಅವರ ಮುಂದಿಡಲು ತಿಂಗಳಿಗೊಂದರಂತೆ ಹನ್ನೆರಡು ಫೋಟೋ ಬೇಕಿತ್ತು, ಕಾರ್ಖಾನೆಯ ಮುಂದಿನ ತೋಟದ ಹೂವಿನ ಮೇಲೆ ಜೇನುಹುಳ ಕೂತಿರುವಂಥದ್ದು.

“ಮುಂದಿನ ತೋಟಕ್ಕೆ ಜೇನು ಬರುತ್ತಾ?”

“ನಿನ್ನ ಸ್ಟುಡಿಯೋಗೆ ಆನೆ ಬಂದ್ರೆ ಅಲ್ಲಿಗೆ ಜೇನು ಬಂದೀತು.” ದೊಡ್ಡಮ್ಮ ಕಾಲು ನೀಡಿದಳು. “ಎಲ್ಲ ಸುತ್ತುದಳದ ಹೂವು. ದಳದ ಮೇಲೆ ದಳ, ಒಳಗೆ ಹುಳಕ್ಕೆ ಕಾಲಿಡೋಕೂ ಜಾಗ ಇಲ್ಲ. ಕೇಸರ ಇರಬೇಕಾದ ಕಡೆಯೂ ದಳವೇ. ಮೇಲಿಂದ ಪ್ರತಿ ಶನಿವಾರ ಔಷಧಿ ಹೊಡೆಸ್ತಾರೆ. ಎಲ್ಲ ಜೇನೂ ನನ್ನ ಹಿಂದಿನ ಪಟ್ಟೀಲಿದೆ. ಈಗ ಅದನ್ನೇ ಕತ್ತರಿಸ್ತಾರಂತೆ ಕಣೇ.”

ಕೊನೆಯ ಮಾತು ಹೇಳುವಾಗ ಅವಳು ನನ್ನನ್ನು ನೋಡಲಿಲ್ಲ. ಕ್ಯಾಮೆರಾದ ಕಣ್ಣನ್ನು ನೋಡಿದಳು, ಪಾಸ್‌ಪೋರ್ಟ್ ಫೋಟೋಗೆ ಕೂತವರ ಹಾಗೆ.

ಆ ಪಟ್ಟಿ ನನಗೆ ಗೊತ್ತು. ಬಾಯ್ಲರ್ ಕೋಣೆಗೂ ಕಾಂಪೌಂಡ್ ಗೋಡೆಗೂ ನಡುವೆ ನಲವತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲದ ನೆಲ. ಕ್ಯಾಂಟೀನಿನವರು ಎಸೆದ ಕೊಳೆತ ಈರುಳ್ಳಿ, ಮೂಲಂಗಿ, ಬೇರು ಸಮೇತದ ಕೊತ್ತಂಬರಿ ಅಲ್ಲೇ ಚಿಗುರಿ ಹೂ ಬಿಟ್ಟಿದ್ದವು. ಪ್ಯಾಕಿಂಗ್ ವಿಭಾಗದ ಹೆಂಗಸರು ತಿನ್ನುತ್ತಾ ಚೆಲ್ಲಿದ ಬೀಜದಿಂದ ಸೂರ್ಯಕಾಂತಿ ಎದ್ದಿತ್ತು. ಬೇಕೆಂದು ಬಿತ್ತಿದ್ದು ಒಂದೂ ಇಲ್ಲ. ಬೇಡವೆಂದು ಎಸೆದದ್ದನ್ನೆಲ್ಲ ದೊಡ್ಡಮ್ಮ ಹತ್ತೊಂಬತ್ತು ವರ್ಷ ನೀರು ಹೊಯ್ದು ಬೆಳೆಸಿದ್ದಳು. ಹಳೆಯ ಹೊಗೆಕೊಳವೆಯ ಬಿರುಕಿನಲ್ಲಿ ಜೇನು ಕಟ್ಟಿತ್ತು.

ಮ್ಯಾನೇಜರ್‌ಗೆ ಕೆಲಸದವರು ಇಟ್ಟ ಹೆಸರು ಇಸ್ತ್ರಿ ಸಾಹೇಬರು. ಅವರ ಅಂಗಿಯ ತೋಳಿನ ಗೆರೆಯಲ್ಲಿ ಸೌತೆಕಾಯಿ ಹೆಚ್ಚಬಹುದು ಎಂದು ದೊಡ್ಡಮ್ಮ ಹೇಳುತ್ತಿದ್ದಳು. ಮರುದಿನ ಅವರೇ ನನ್ನನ್ನು ಮುಂದಿನ ತೋಟದಲ್ಲಿ ನಿಲ್ಲಿಸಿಕೊಂಡರು. ಕುಂಡಗಳು ಶಾಲೆಯ ಸಾಲಿನಂತೆ ನಿಂತಿದ್ದವು: ಕೆಂಪು, ನೇರಳೆ, ಬಿಳಿ, ಗುಲಾಬಿ. ಒಂದು ನೊಣವೂ ಇರಲಿಲ್ಲ.

“ಜೇನು ಇಲ್ಲಿಗೆ ಯಾಕೆ ಬರಲ್ಲ ಗೊತ್ತಾ ಅಮ್ಮ?” ಎಂದರು. “ಹಿಂದೆ ಆ ಕಳೆ ಇದೆಯಲ್ಲ, ಅದಕ್ಕೆ. ಹಿಂದಿನ ಅಂಗಡಿ ಮುಚ್ಚಿಸಿದ್ರೆ ಗಿರಾಕಿ ಮುಂದಿನ ಅಂಗಡಿಗೆ ಬರಲೇಬೇಕು. ವ್ಯಾಪಾರದ ಮೊದಲನೇ ಪಾಠ.”

“ಗಿರಾಕಿ ಹಸಿವಿಂದ ಸತ್ತರೆ ಸಾರ್?”

“ಹೊಸ ಗಿರಾಕಿ ಬರ್ತಾರೆ.”

ಈ ಪಾಠವನ್ನು ಅವರು ಹುಳಗಳ ಮೇಲೆ ಮೊದಲ ಸಲ ಪ್ರಯೋಗಿಸುತ್ತಿರಲಿಲ್ಲ. ಹೊಸ ಪ್ಯಾಕಿಂಗ್ ಯಂತ್ರ ಬಂದ ವರ್ಷ ಕೆಲಸ ಕಳೆದುಕೊಂಡು ಮನೆಗೆ ಹೋದ ಮೂವತ್ತು ಹೆಂಗಸರಿಗೆ ಅದು ಬಾಯಿಪಾಠ.

ಬುಧವಾರ ಕಳೆ ಕತ್ತರಿಸುವವನು ಬರುವುದೆಂದು ನಿಗದಿಯಾಗಿತ್ತು, ಗುರುವಾರ ಬರುವ ಪರೀಕ್ಷಕರ ಕಣ್ಣಿಗೆ ಆ ಪಟ್ಟಿ ಬೀಳಬಾರದೆಂದು. ನೀರಿನ ಕೊಳವೆ ಹಿಡಿದು ನಿಂತಿದ್ದ ದೊಡ್ಡಮ್ಮ ತನ್ನಷ್ಟಕ್ಕೆ ಎಂಬಂತೆ ಹೇಳಿದಳು.

“ಬುಧವಾರ ಕತ್ತರಿಸಿದ್ರೆ ಗುರುವಾರ ಎಲ್ಲ ಹಸಿದುಕೊಂಡು ಮುಂದೆ ಬರ್ತವೆ ಸಾಹೇಬ್ರೇ. ಬರಲಿ, ನಿಮಗೆ ಬೇಕಾಗಿದ್ದೂ ಅದೇ. ಆದ್ರೆ ಹಸಿದ ಜೇನು ಯಾರ ಮೂತಿ ಅಂತ ನೋಡಲ್ಲ.”

ಇಸ್ತ್ರಿ ಸಾಹೇಬರ ಕೈ ತಾನಾಗಿ ಮೂಗಿಗೆ ಹೋಯಿತು. ಕತ್ತರಿಸುವ ಕೆಲಸ ಶುಕ್ರವಾರಕ್ಕೆ ಹೋಯಿತು. ಹಿಂದಿನ ಕಡೆಯ ಬಾಗಿಲಿಗೆ ಗುರುವಾರ ಬೀಗ ಹಾಕಿದರೆ ಸಾಕೆಂದು ತೀರ್ಮಾನವಾಯಿತು.

ನನಗೆ ಸಿಕ್ಕಿದ ಅಪ್ಪಣೆ ಸರಳವಾಗಿತ್ತು. “ಗುಂಪು ಫೋಟೋದಲ್ಲಿ ಬಾರದ ನೆಂಟರನ್ನ ನೀವು ಸೇರಿಸಿ ಕೊಡ್ತೀರಂತೆ. ಹಾಗೇ ಹಿಂದಿನ ಹುಳ ತೆಗೆದು ಮುಂದಿನ ಹೂವಿಗೆ ಸೇರಿಸಿ.”

ದೊಡ್ಡಮ್ಮನನ್ನು ಬಾಯ್ಲರ್ ಕೋಣೆಯ ನೆರಳಿಗೆ ಎಳೆದುಕೊಂಡು ಹೋಗಿ, ನಾನು ಮಾಡಲಾರೆ ಎಂದೆ.

“ಮಾಡು,” ಎಂದಳು. “ನೀನು ಬಿಟ್ರೆ ಇನ್ನೊಬ್ಬ ಮಾಡ್ತಾನೆ. ಅವನು ಬುದ್ಧಿ ಉಪಯೋಗಿಸಿಬಿಟ್ರೆ ಕಷ್ಟ. ನೀನು ಸ್ವಂತ ಬುದ್ಧಿ ಒಂದು ಚೂರೂ ಹಾಕಬೇಡ. ಹೇಳಿದಷ್ಟೇ ಮಾಡು.”

‘ಹೇಳಿದಷ್ಟೇ’ ಆ ಕಾರ್ಖಾನೆಯ ಹಳೆಯ ಆಯುಧ. ಸೋಪು ಸಾಗುವ ಬೆಲ್ಟಿನ ಮುಂದೆ ಯಾರೂ ಮಾತಾಡಬಾರದು, ಬಂದ ವಸ್ತುವಿಗೆಲ್ಲ ಸುಮ್ಮನೆ ಚೀಟಿ ಅಂಟಿಸಬೇಕು ಎಂದು ಒಂದು ಸಲ ಹುಕುಂ ಬಂದಿತ್ತು. ಹೆಂಗಸರು ಘೋಷಣೆ ಕೂಗಲಿಲ್ಲ, ಗೇಟಿನ ಮುಂದೆ ಕೂರಲಿಲ್ಲ. ಬಂದದ್ದಕ್ಕೆಲ್ಲ ಅಂಟಿಸಿದರು. ಸಾಹೇಬರು ಮರೆತು ಬೆಲ್ಟಿನ ಮೇಲಿಟ್ಟ ಕೊಡೆ ‘ಮೃದುವಾದ ನೊರೆ’ ಆಯಿತು, ಕನ್ನಡಕದ ಡಬ್ಬಿ ‘ಇಡೀ ಕುಟುಂಬಕ್ಕೆ’ ಆಯಿತು. ಒಂದು ವಾರ ತಡೆದುಕೊಂಡು ಸಾಹೇಬರೇ ಆ ನಿಯಮ ಹರಿದು ಹಾಕಿದರು. ವಿಧೇಯತೆಯಷ್ಟು ನೋಯಿಸುವ ಕಲ್ಲು ಇನ್ನೊಂದಿಲ್ಲ. ಎಸೆದವರ ಕೈಯಲ್ಲಿ ಗುರುತೂ ಉಳಿಯುವುದಿಲ್ಲ.

ಸರಿ, ಹಿಂದಿನ ಪಟ್ಟಿಯಲ್ಲಿ ಕ್ಯಾಮೆರಾ ಹಿಡಿದು ನಿಂತೆ. ಮೊದಲ ದಿನ ಮುನ್ನೂರು ಫೋಟೋ ತೆಗೆದೆ. ಇನ್ನೂರರಲ್ಲಿ ಖಾಲಿ ಹೂವು, ಉಳಿದ ನೂರರಲ್ಲಿ ಜೇನಿನ ಹಿಂಭಾಗ. ಎದುರು ಕೂತು ಮುಖ ತೋರಿಸುವ ಗಿರಾಕಿಗಳನ್ನೇ ಕಂಡವಳು ನಾನು, ಇವು ನನ್ನತ್ತ ಬೆನ್ನು ತಿರುಗಿಸಿಕೊಂಡೇ ಉಂಡು ಹೋದವು.

“ಓಡಬೇಡ ಕಣೇ,” ಎಂದಳು ದೊಡ್ಡಮ್ಮ. “ಜೇನಿನ ಹಿಂದೆ ಹೋದವಳಿಗೆ ಹಿಂದೆಯೇ ಸಿಗೋದು. ಹೂವಿನ ಪಕ್ಕ ಕೂರು. ನಿನ್ನ ನೆರಳು ಹೂವಿನ ಮೇಲೆ ಬೀಳಬಾರದು. ಆಮೇಲೆ ತಲೆಗೆ ಅದೇನು ಹಚ್ಕೊಂಡು ಬಂದಿದ್ದೀಯ, ಹುಳ ಬಿಡು, ನನಗೇ ತಲೆನೋವು ಬರ್ತಿದೆ.”

ಮಾರನೆಯ ದಿನ ತಲೆಗೆ ಏನೂ ಹಚ್ಚದೆ, ಮಾಸಲು ಬಣ್ಣದ ಅಂಗಿ ತೊಟ್ಟು, ಮಗುಚಿದ ಬಕೆಟ್ಟಿನ ಮೇಲೆ ಸೂರ್ಯಕಾಂತಿಯ ಪಕ್ಕ ಕೂತೆ. ಹತ್ತು ಗಂಟೆಗೆ ಅವಳು ಬಂದಳು. ಎಡ ರೆಕ್ಕೆಯ ತುದಿ ಹರಿದು, ಹಳೆಯ ಬಾವುಟದಂತಾಗಿತ್ತು. ಮುದುಕಿ ಎಂದಳು ದೊಡ್ಡಮ್ಮ. ಹಾರಿ ಹಾರಿಯೇ ರೆಕ್ಕೆ ಸವೆಯುತ್ತದಂತೆ, ಸವೆದ ರೆಕ್ಕೆಯಲ್ಲೇ ಕೊನೆಯ ದಿನದವರೆಗೂ ಕೆಲಸವಂತೆ. ಉಳಿದ ಜೇನು ಕೂತಲ್ಲಿ ಕೂರದೆ ಓಡಾಡಿದರೆ ಇವಳು ನಿಧಾನಕ್ಕೆ, ಒಂದೊಂದು ಕೇಸರವನ್ನೂ ಬಿಡದೆ, ಹೂವಿನ ತಟ್ಟೆಯನ್ನು ಸುತ್ತುತ್ತಿದ್ದಳು. ಮೈತುಂಬ ಹಳದಿ ಪುಡಿ. ಮುಂಗಾಲಿನಿಂದ ಮುಖ ಬಾಚಿ, ಪುಡಿಯನ್ನು ಹಿಂದಕ್ಕೆ ಸಾಗಿಸಿ, ಹಿಂಗಾಲಿಗೆ ಮೆತ್ತಿ ಮೆತ್ತಿ ಎರಡು ಕಿತ್ತಳೆ ಬಣ್ಣದ ಉಂಡೆ ಕಟ್ಟಿದಳು. ಉಸಿರು ಬಿಗಿಹಿಡಿದು, ಅವಳ ಕಣ್ಣಿಗೆ ಫೋಕಸ್ ಮಾಡಿ, ಒತ್ತಿದೆ. ಮೊದಲ ಸಲ ಮುಖ ಸಿಕ್ಕಿತು. ಕಣ್ಣಿನ ಮೇಲೂ ಕೂದಲಿತ್ತು.

“ಆ ಉಂಡೆ?”

“ಪರಾಗ. ಮನೇಲಿ ಮರಿಗಳಿಗೆ ಬುತ್ತಿ,” ಎಂದಳು ದೊಡ್ಡಮ್ಮ.

ನಾಲ್ಕು ದಿನ ಅದೇ ಹೊತ್ತಿಗೆ ಅವಳೇ ಬಂದಳು, ಬಯೋಮೆಟ್ರಿಕ್‌ಗೆ ಬೆರಳೊತ್ತಿದಷ್ಟು ಖಚಿತವಾಗಿ. ಬೇರೆಯವರ ಫೋಟೋ ಎಲ್ಲ ಅಲುಗಾಡಿತ್ತು. ಚೊಕ್ಕವಾಗಿ ಸಿಕ್ಕಿದ ಹದಿಮೂರರಲ್ಲೂ ಇದ್ದವಳು ಆ ಹರಿದ ರೆಕ್ಕೆಯವಳೇ. ಐದನೆಯ ದಿನ ಬರಲಿಲ್ಲ. ಸೂರ್ಯಕಾಂತಿಯ ಪಕ್ಕ ಮಧ್ಯಾಹ್ನದವರೆಗೆ ಕೂತು ಎದ್ದು ಬಂದೆ.

ಸೋಮವಾರ ಹನ್ನೆರಡು ಜೇನನ್ನು ಹನ್ನೆರಡು ಕುಂಡದ ಹೂವಿಗೆ ಅಂಟಿಸಿ, ಕಂಪ್ಯೂಟರ್ ಪರದೆಯಲ್ಲಿ ಇಸ್ತ್ರಿ ಸಾಹೇಬರಿಗೆ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿದರು.

“ಕಾಲಲ್ಲಿ ಏನದು ಕೊಳೆ?”

“ಕೊಳೆ ಅಲ್ಲ ಸಾರ್, ಪರಾಗ. ಹೂವಿಂದ ತೆಗೆದಿದ್ದು.”

“ಕೆಂಪು ಹೂವಿಂದ ತೆಗೆದಿದ್ದು ಕಿತ್ತಳೆ ಹೇಗಾಗುತ್ತೆ?” ಸಾಹೇಬರಿಗೆ ನಿಜಕ್ಕೂ ಸಂಶಯ ಬಂದಿತ್ತು. “ನೋಡೋರು ಏನಂತಾರೆ? ನಮ್ಮಲ್ಲಿ ಗುಲಾಬಿ ಸೋಪು ಗುಲಾಬಿ ಬಣ್ಣ, ನಿಂಬೆ ಸೋಪು ಹಳದಿ. ಹೂವಿನ ಬಣ್ಣಕ್ಕೆ ಸರಿಯಾಗಿ ಹೊಂದಿಸಿ. ಕೆಂಪಿಗೆ ಕೆಂಪು, ನೇರಳೆಗೆ ನೇರಳೆ.”

“ನೇರಳೆಗೆ ನೇರಳೆ,” ಎಂದೆ.

“ಬಿಳಿಗೆ ಬಿಳಿ.”

“ಬಿಳಿಗೆ ಬಿಳಿ ಸಾರ್. ರೆಕ್ಕೆ ಹರಿದಿದೆ. ಅದನ್ನೇನು ಮಾಡಲಿ?”

“ರೆಕ್ಕೆ ಯಾರು ನೋಡ್ತಾರೆ? ಇದ್ದ ಹಾಗೇ ಇರಲಿ. ಇನ್ನೊಂದು ಮಾತು. ಆಲ್ಬಮ್ ಭರ್ತಿ ಕಾಣಬೇಕು. ಒಂದು ಪುಟವೂ ಖಾಲಿ ಬಿಡಬೇಡಿ.”

ಸ್ಟುಡಿಯೋಗೆ ಬಂದು ಆಲ್ಬಮ್ ಬಿಚ್ಚಿ ಎಣಿಸಿದೆ. ಹದಿಮೂರು ಪುಟ. ನನ್ನ ಸ್ವಂತ ಬುದ್ಧಿ ಏನೋ ಹೇಳಲು ಬಂತು, ಬಾಯಿ ಮುಚ್ಚಿಸಿದೆ. ಹನ್ನೆರಡು ಜೇನಿನ ಉಂಡೆಗಳಿಗೂ ಆಯಾ ದಳದ ಬಣ್ಣ ಬಳಿದು, ಕೆಳಗೆ ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳ ಹೆಸರು ಬರೆದೆ. ಹದಿಮೂರನೆಯ ಪುಟ ಖಾಲಿ ಬಿಡಬಾರದಲ್ಲ, ಸೂರ್ಯಕಾಂತಿಯ ಮೇಲೆ ಕಿತ್ತಳೆ ಉಂಡೆ ಹೊತ್ತು ಕೂತ ಅವಳನ್ನು, ಹಿಂದೆ ಮಸುಕಾಗಿ ಕಾಣುವ ಹೊಗೆಕೊಳವೆ ಸಮೇತ, ಯಾವ ತಿದ್ದುಪಡಿಯೂ ಇಲ್ಲದೆ ಸಿಕ್ಕಿಸಿದೆ. ಮಂಗಳವಾರ ಸಾಹೇಬರು ಪುಟ ತಿರುವಿ, “ಈಗ ನೋಡಿ, ಎಷ್ಟು ಕ್ಲೀನಾಗಿದೆ,” ಎಂದರು. ಹತ್ತನೆಯ ಪುಟಕ್ಕೆ ಫೋನ್ ಬಂತು, ಆಲ್ಬಮ್ ಮುಚ್ಚಿದರು.

ಗುರುವಾರ ಬಂದ ಪರೀಕ್ಷಕರು ಇಬ್ಬರು. ಒಬ್ಬಾತ ಫಾರಂ ತುಂಬುವವನು, ತಲೆಯೆತ್ತಲಿಲ್ಲ. ಇನ್ನೊಬ್ಬರು ಅರವತ್ತು ದಾಟಿದ ಹೆಂಗಸು. ಕುತ್ತಿಗೆಗೆ ದಾರ ಕಟ್ಟಿದ ಭೂತಗನ್ನಡಿ, ಕೈಯಲ್ಲಿ ತನ್ನದೇ ಊಟದ ಡಬ್ಬಿ. ಸಭಾಕೋಣೆಯ ಗಾಜಿನ ಮೇಜಿನ ಮೇಲೆ ಆಲ್ಬಮ್ ಇಟ್ಟಿದ್ದರು. ವಿವರಿಸಲು ಬೇಕಾದೀತೆಂದು ನನ್ನನ್ನು ಕೂರಿಸಿದ್ದರು. ದೊಡ್ಡಮ್ಮನಿಗೆ ಹೂಕುಂಡ ಹಿಡಿದು ಬಾಗಿಲ ಬಳಿ ನಿಲ್ಲುವ ಕೆಲಸ ಕೊಟ್ಟಿದ್ದರು.

ಪರೀಕ್ಷಕಿ ಭೂತಗನ್ನಡಿಯನ್ನು ಮೊದಲ ಪುಟದ ಮೇಲೆ ಹಿಡಿದರು. ತುಂಬಾ ಹೊತ್ತು ಹಿಡಿದರು.

“ಇವಳ ಕಾಲಲ್ಲಿ ಕೆಂಪು ಇದೆಯಲ್ಲ, ಏನಿದು?”

“ಪರಾಗ ಮೇಡಂ,” ಎಂದರು ಇಸ್ತ್ರಿ ಸಾಹೇಬರು. ಸೋಮವಾರ ಕಲಿತ ಪದ ಗುರುವಾರ ಉಪಯೋಗಕ್ಕೆ ಬಂದ ಖುಷಿ ಮುಖದಲ್ಲಿತ್ತು. “ಹೂವು ಕೆಂಪು ನೋಡಿ, ಹಾಗಾಗಿ.”

“ಇಲ್ಲಿ ನೇರಳೆ.”

“ನೇರಳೆ ಹೂವಿಂದು.”

“ಇದು ಬಿಳಿ ಹೂವಿಂದು ಇರಬೇಕು.”

“ಕರೆಕ್ಟ್ ಮೇಡಂ. ನಿಮಗೆ ತುಂಬಾ ಅನುಭವ ಇದೆ.”

“ಮೂವತ್ತೆರಡು ವರ್ಷದಿಂದ ಜೇನಿನ ಕಾಲು ನೋಡ್ತಿದ್ದೀನಿ,” ಎಂದರು ಆಕೆ. “ದಳ ನೋಡಿ ಪರಾಗ ಬಣ್ಣ ಹಾಕಿಕೊಳ್ಳೋದನ್ನ ಇವತ್ತೇ ಕಂಡಿದ್ದು. ಅಲ್ಲದೆ ಈ ಹೂವುಗಳಲ್ಲಿ ಪರಾಗವೇ ಕಾಣ್ತಿಲ್ಲ, ಬರೀ ದಳ. ಖಾಲಿ ಬಾವಿಯಿಂದ ಬಣ್ಣದ ನೀರು ಸೇದಿದ ಹಾಗಿದೆ.”

ಸಾಹೇಬರು ನೀರಿನ ಲೋಟಕ್ಕೆ ಕೈ ಹಾಕಿದರು. ಪರೀಕ್ಷಕಿ ಪುಟ ಹಿಂದೆ ಮುಂದೆ ತಿರುಗಿಸಿದರು.

“ಜನವರೀಲಿ ಎಡ ರೆಕ್ಕೆ ಹರಿದಿದೆ. ಜೂನ್‌ನಲ್ಲೂ ಅದೇ ರೆಕ್ಕೆ, ಅದೇ ಜಾಗ. ಡಿಸೆಂಬರ್‌ನಲ್ಲೂ. ಕೆಲಸದ ಜೇನು ಬದುಕೋದು ಕೆಲವು ವಾರ. ನಿಮ್ಮಲ್ಲಿ ಹನ್ನೆರಡು ತಿಂಗಳೂ ಇವಳೊಬ್ಬಳ ಕೈಲೇ ಡ್ಯೂಟಿ ಮಾಡಿಸ್ತೀರಾ?”

ಬಾಗಿಲಿನಿಂದ ದೊಡ್ಡಮ್ಮನ ದನಿ ಬಂತು. “ಇಲ್ಲಿ ಎಲ್ಲರದ್ದೂ ಅದೇ ಕತೆ ಮೇಡಂ.”

ಫಾರಂ ತುಂಬುವವನು ಮೊದಲ ಸಲ ತಲೆಯೆತ್ತಿದ.

ಇಸ್ತ್ರಿ ಸಾಹೇಬರು ನನ್ನ ಕಡೆ ತಿರುಗಿದರು. “ಏನ್ರೀ ಇದು?”

“ಕೆಂಪಿಗೆ ಕೆಂಪು, ನೇರಳೆಗೆ ನೇರಳೆ ಸಾರ್. ರೆಕ್ಕೆ ಇದ್ದ ಹಾಗೇ ಇರಲಿ ಅಂದಿರಿ.”

ಪರೀಕ್ಷಕಿ ನನ್ನನ್ನು ನೋಡಿದರು. “ಅಂಟಿಸಿದ್ದು ನೀವಾ?”

“ಹೌದು ಮೇಡಂ.”

“ಚೆನ್ನಾಗಿ ಅಂಟಿಸಿದ್ದೀರಿ. ನಾಚಿಕೆ ಆಗಬೇಕು.”

“ಆಗ್ತಿದೆ ಮೇಡಂ,” ಎಂದೆ. ಅದು ಮಾತ್ರ ಯಾರೂ ಹೇಳಿಕೊಡದೆ ಬಂದ ಮಾತು.

ಆಕೆ ಆಲ್ಬಮ್ ಮುಚ್ಚಲು ಹೋಗಿ ಹದಿಮೂರನೆಯ ಪುಟದಲ್ಲಿ ನಿಂತರು. ಭೂತಗನ್ನಡಿ ಕೆಳಗಿಳಿಯಿತು. ಮುಖದ ಬಿಗಿ ಸಡಿಲವಾಯಿತು.

“ಅದು ತಪ್ಪಿ ಸೇರಿದೆ ಮೇಡಂ,” ಎಂದರು ಸಾಹೇಬರು.

“ಇದೊಂದೇ ಸರಿಯಾಗಿ ಸೇರಿರೋದು. ಈ ಸೂರ್ಯಕಾಂತಿ ಎಲ್ಲಿದೆ?”

ಸಾಹೇಬರು ಕಿಟಕಿ ನೋಡಿದರು, ಚಾವಣಿ ನೋಡಿದರು. ಇದೂ ಅಂಟಿಸಿದ್ದೇ ಎಂದು ಹೇಳಿ ಪರೀಕ್ಷಕರನ್ನು ಬರಿಗೈಲಿ ಕಳಿಸಬೇಕು, ಇಲ್ಲವೇ ಬೀಗ ಹಾಕಿಸಿದ ಬಾಗಿಲು ತೆಗೆಸಬೇಕು. ಅತ್ತ ದರಿ, ಇತ್ತ ಪುಲಿ.

“ಹಿಂದೆ ಇದೆ ಮೇಡಂ,” ಎಂದಳು ದೊಡ್ಡಮ್ಮ, ಕುಂಡ ಕೆಳಗಿಟ್ಟು. “ಬನ್ನಿ. ಬೀಗದಕೈ ಸಾಹೇಬ್ರ ಜೇಬಲ್ಲಿದೆ.”

ಹಿಂದಿನ ಪಟ್ಟಿಯಲ್ಲಿ ಪರೀಕ್ಷಕಿ ನಾನು ಕೂತ ಬಕೆಟ್ಟಿನ ಮೇಲೆಯೇ ಕೂತರು. ಒಂದು ಗಂಟೆ ಏಳಲಿಲ್ಲ. ಕೊತ್ತಂಬರಿ ಹೂವಿನ ಮೇಲೆ ಎಷ್ಟು, ಮೂಲಂಗಿಯ ಮೇಲೆ ಎಷ್ಟು ಎಂದು ಎಣಿಸಿ ಹೇಳುತ್ತಿದ್ದರೆ ಬರೆದುಕೊಳ್ಳುತ್ತಿದ್ದವನ ಫಾರಂನ ಅಂಚೂ ತುಂಬಿತು. ಕ್ಯಾಂಟೀನಿನ ಕಿಟಕಿಯಲ್ಲಿ ತಲೆಗಳು ಸೇರಿದವು. ಗಾಳಿಯಲ್ಲಿ ಸೋಪಿನ ವಾಸನೆ ಇತ್ತು, ಅದರ ಕೆಳಗೆ ಈರುಳ್ಳಿ ಹೂವಿನದು.

ಇಸ್ತ್ರಿ ಸಾಹೇಬರು ನೆರಳಲ್ಲಿ ನಿಂತು ಚೇತರಿಸಿಕೊಂಡರು. “ಇದು ನಮ್ಮ ಪ್ರಾಯೋಗಿಕ ತಾಣ ಮೇಡಂ,” ಎಂದರು. “ಹತ್ತೊಂಬತ್ತು ವರ್ಷದ ಯೋಜನೆ.”

ದೊಡ್ಡಮ್ಮ ಮುಗ್ಧವಾಗಿ ಕೇಳಿದಳು. “ಹಾಗಾದ್ರೆ ನಾಳೆ ಕತ್ತರಿಸೋಕೆ ಆಳು ಬರ್ತಾನಲ್ಲ ಸಾಹೇಬ್ರೇ, ಯಾವ ತುದಿಯಿಂದ ಶುರು ಮಾಡು ಅಂತ ಹೇಳಲಿ?”

ಕ್ಯಾಂಟೀನಿನ ಕಿಟಕಿಯಲ್ಲಿ ಯಾರೋ ಕೆಮ್ಮಿದರು.

“ಕತ್ತರಿಸೋಕೆ ಅಂತ ಯಾರು ಹೇಳಿದ್ದು?” ಸಾಹೇಬರ ದನಿಯಲ್ಲಿ ಮಡಿಕೆ ಬಿದ್ದಿತ್ತು. “ಬೇಲಿ ಹಾಕೋಕೆ ಬರ್ತಿರೋದು.”

“ಬರೆದುಕೊಳ್ಳಿ,” ಎಂದರು ಪರೀಕ್ಷಕಿ, ಫಾರಂನವನಿಗೆ. ಮುಂದಿನ ತೋಟಕ್ಕೆ ಪ್ರಮಾಣಪತ್ರ ಇಲ್ಲ. ಸುಳ್ಳು ಫೋಟೋ ಕೊಟ್ಟದ್ದು ದಾಖಲೆಯಲ್ಲಿರುತ್ತದೆ. ಹಿಂದಿನ ಪಟ್ಟಿಯನ್ನು ಒಂದು ವರ್ಷ ಕತ್ತರಿಸದೆ, ಕಾರ್ಖಾನೆಯ ಯಾವ ಗಿಡಕ್ಕೂ ಔಷಧಿ ಹೊಡೆಯದೆ ಇದ್ದರೆ ಮತ್ತೆ ನೋಡಬಹುದು. ಹೇಳಿ ಬರುವುದಿಲ್ಲ. “ಇದನ್ನ ನೋಡಿಕೊಳ್ಳೋರು ಯಾರು?”

ಕಿಟಕಿಯಲ್ಲಿದ್ದ ಇಪ್ಪತ್ತು ಕೈಗಳು ದೊಡ್ಡಮ್ಮನ ಕಡೆ ತೋರಿಸಿದವು. ಬೀಗದಕೈ ಅವರ ಹತ್ತಿರ ಇರಲಿ, ಎಂದೂ ಬರೆಸಿದರು.

ಶುಕ್ರವಾರ ಬಂದ ಆಳು ಕತ್ತಿಯೊಂದಿಗೆ ಬಂದಿದ್ದ. ಅವನಿಗೆ ಗೂಟ, ತಂತಿ ಕೊಟ್ಟು ಬೇಲಿ ಹಾಕಿಸಿದರು. ಹೊಸ ಗೇಟಿನ ಕೀಲಿ ದೊಡ್ಡಮ್ಮನ ಸೊಂಟಕ್ಕೆ ಹೋಯಿತು.

ಎರಡು ವಾರದ ಮೇಲೆ ಇಸ್ತ್ರಿ ಸಾಹೇಬರು ನನ್ನನ್ನು ಕರೆಸಿದರು. ಬೈಗುಳ ತಿನ್ನಲು ತಯಾರಾಗಿ ಹೋದೆ. ಅವರಿಗೆ ಕಂಪನಿಯ ಪತ್ರಿಕೆಗೆ ಫೋಟೋ ಬೇಕಿತ್ತಂತೆ, ಸೂರ್ಯಕಾಂತಿಗಳ ನಡುವೆ ನಿಂತದ್ದು. ‘ಹತ್ತೊಂಬತ್ತು ವರ್ಷದ ಕನಸು’ ಎಂದು ಶೀರ್ಷಿಕೆ ಆಗಲೇ ಬರೆದಿತ್ತು. ಬೇಲಿಯ ಹೊರಗೆ ಅವರೇ ಹತ್ತು ನಿಮಿಷ ಕಾದರು. ದೊಡ್ಡಮ್ಮ ಕೈತೊಳೆದು, ಒರೆಸಿಕೊಂಡು, ನಿಧಾನಕ್ಕೆ ಬಂದು ಗೇಟು ತೆಗೆದಳು.

ಬೆಳ್ಳಗಿನ ಅಂಗಿ, ತೋಳಿನ ಗೆರೆ ಮೊನಚು. ಸಾಹೇಬರು ಹೂಗಳ ನಡುವೆ ನಿಂತು ನಕ್ಕರು.

“ಹಲ್ಲು ಕಾಣಬಾರದು ಸಾರ್,” ಎಂದೆ, ಅಭ್ಯಾಸ ಬಲದಿಂದ.

ಬಾಯಿ ಮುಚ್ಚಿದರು. ಅಷ್ಟರಲ್ಲಿ ಒಂದು ಎಳೆಯ ಜೇನು, ಎರಡು ರೆಕ್ಕೆಯೂ ನೆಟ್ಟಗಿದ್ದದ್ದು, ಸೂರ್ಯಕಾಂತಿಯಿಂದ ಎದ್ದು ಅವರ ಕಾಲರಿನ ಮೇಲೆ ಕೂತಿತು. ಸಾಹೇಬರು ಕಲ್ಲಾದರು. ಅದು ಗೆರೆಯುದ್ದಕ್ಕೂ ಸಾವಕಾಶವಾಗಿ ನಡೆದು, ತೋಳಿನ ತುದಿಯಲ್ಲಿ ಕಾಲು ಝಾಡಿಸಿ, ಹಾರಿ ಹೋಯಿತು. ಕಾಲರಿನಿಂದ ತೋಳಿನವರೆಗೆ ಕಿತ್ತಳೆ ಚುಕ್ಕೆಗಳ ಸಾಲು ಉಳಿಯಿತು. ನಾನು ಅಷ್ಟೂ ಹೊತ್ತು ಒತ್ತುತ್ತಲೇ ಇದ್ದೆ.

ಸಾಹೇಬರು ಬೆರಳಿನಿಂದ ಉಜ್ಜಿದರು. ಚುಕ್ಕೆಗಳು ಗೆರೆಯಾದವು.

“ಫೋಟೋದಲ್ಲಿ ಈ ಕೊಳೆ ತೆಗೆದುಬಿಡಿ,” ಎಂದರು.

“ಆಗಲ್ಲ ಸಾರ್. ಗುರುತಿನ ಚಿಹ್ನೆ ಅಳಿಸುವಂತಿಲ್ಲ.”

“ಮನೇಲಿ ಹೇಳಿ ಒಗೆಸಿ ಸಾಹೇಬ್ರೇ,” ಎಂದು ಸಮಾಧಾನ ಹೇಳಿದಳು ದೊಡ್ಡಮ್ಮ, ಗೇಟಿಗೆ ಬೀಗ ಹಾಕುತ್ತಾ. “ಹೋಗದೇ ಇದ್ರೆ ಬೇರೆ ಕಂಪನಿ ಸೋಪು ಹಾಕಿ ನೋಡಿ.”